ಎತ್ತಿ ನೋಡದ ಮುಚ್ಚಳ

ಅಳತೆ ಬರೆದ ಚೀಟಿಗಾಗಿ ಗುಬ್ಬಿ ಜೇಬಿಗೆ ಕೈ ಹಾಕಿದಳು. ಚೀಟಿ ಬರಲಿಲ್ಲ, ಮನೆಯ ಬೀಗದ ಕೈ ಬಂತು. ಅದರ ಬೆನ್ನಿಗೆ ಅಂಗಿಯ ಗುಂಡಿಯಷ್ಟು ಗಾತ್ರದ ಆಯಸ್ಕಾಂತವೊಂದು ಕಚ್ಚಿಕೊಂಡಿತ್ತು.

“ಏನಮ್ಮಾ, ಬೀಗದ ಕೈಗೆ ಜಿಗಣೆ ಹಿಡಿದಿದೆ?” ಎಂದ ಹಾರ್ಡ್‌ವೇರ್ ಅಂಗಡಿಯವನು, ಎರಡು ಕೀಲುಗಳನ್ನು ಗಾಜಿನ ಮೇಜಿನ ಮೇಲಿಡುತ್ತ.

ಅವಳು ನಗಲು ಹೊರಟಳು. ನಗೆ ಅರ್ಧ ದಾರಿಯಲ್ಲೇ ನಿಂತಿತು. ಈ ಆಯಸ್ಕಾಂತ ಇಲ್ಲಿರಬಾರದಿತ್ತು. ಅದು ಮನೆಯಲ್ಲಿ, ಕೆತ್ತನೆ ಯಂತ್ರದ ಹೊಸ ಮುಚ್ಚಳದ ಅಂಚಿನಲ್ಲಿ, ಅವಳೇ ಕೊರೆದ ಗುಳಿಯೊಳಗೆ ಇರಬೇಕಿತ್ತು.

ಯಂತ್ರ ಇರುವುದು ಮನೆಯ ನಡುಕೋಣೆಯಲ್ಲಿ, ಊಟದ ಮೇಜಿಗಿಂತ ತುಸು ಚಿಕ್ಕದು. ಹಲಗೆ ಮಲಗಿಸಿ, ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಸಾಕು, ಪೆನ್ಸಿಲ್ ಮೊನೆಯಂಥ ಅಲಗೊಂದು ಗಿರ್ರನೆ ತಿರುಗುತ್ತ ಆ ಚಿತ್ರವನ್ನು ಮರದೊಳಗಿಂದ ಹೊರಗೆ ಎಬ್ಬಿಸುತ್ತದೆ. ಮುಚ್ಚಳ ಕೂರುವ ಕಡೆ ಒಂದು ಸ್ವಿಚ್ಚು. ಮುಚ್ಚಳದಲ್ಲಿರುವ ಆಯಸ್ಕಾಂತ ಅದರ ಪಕ್ಕಕ್ಕೆ ಬಂದರೆ ಮಾತ್ರ ಯಂತ್ರಕ್ಕೆ ಕರೆಂಟು. ಮುಚ್ಚಳ ಎತ್ತಿದ ಕ್ಷಣ ಎಲ್ಲವೂ ಸ್ತಬ್ಧ.

ಈ ಒಂದು ಗುಣವನ್ನು ಅಪ್ಪನಿಗೆ ನಂಬಿಸಲು ಅವಳಿಗೆ ವರ್ಷ ಹಿಡಿದಿತ್ತು. ಅಪ್ಪ ನಲವತ್ತು ವರ್ಷ ಉಳಿ ಹಿಡಿದವನು. ಯಂತ್ರ ಬಂದ ದಿನ ಬಾಗಿಲಲ್ಲೇ ನಿಂತು, “ಇದಕ್ಕೆ ಹಲ್ಲಿದೆ, ಕಣ್ಣಿಲ್ಲ. ನಾನು ಹತ್ತಿರ ಬರಲ್ಲ” ಅಂದಿದ್ದ. ಅವಳು ಅವನ ಕೈಯನ್ನೇ ಹಿಡಿದು ಮುಚ್ಚಳ ಎತ್ತಿಸಿದ್ದಳು. “ನೋಡು, ನಿಂತಿತು. ಮತ್ತೆ ಎತ್ತು. ನಿಂತಿತಲ್ವಾ? ಸಾಕಿದ ಹಸು ಕಣಪ್ಪಾ ಇದು, ಒದೆಯಲ್ಲ.” ಬರಬರುತ್ತ ಅವನು ನಂಬಿದ. ಕೊನೆಗೆ ಅವಳಿಗಿಂತ ಹೆಚ್ಚಾಗಿ ನಂಬಿದ.

ನಂಬಿದ ಮೇಲೆ ಹಳೇ ಚಾಳಿ ಮರಳಿತು. ಕೆಲಸ ಅರ್ಧಕ್ಕೆ ಬಂದಾಗ ಮರವನ್ನು ‘ಕೇಳುವುದು’ ಅವನ ಪದ್ಧತಿ. ಕಣ್ಣು ಮುಚ್ಚಿ, ಎಡಗೈ ಹೆಬ್ಬೆರಳನ್ನು ಕೆತ್ತಿದ ಗೆರೆಯ ಮೇಲೆ ಮೆಲ್ಲನೆ ಓಡಿಸುತ್ತಾನೆ. ಎಲ್ಲಿ ಆಳ ಸಾಲದು, ಎಲ್ಲಿ ನಾರು ಎದ್ದಿದೆ ಎಂದು ಹೆಬ್ಬೆರಳೇ ಹೇಳುತ್ತದೆ. “ಕಣ್ಣು ಬೆಳಕಿನ ಮಾತು ಕೇಳುತ್ತೆ, ಹೆಬ್ಬೆರಳು ಯಾರ ಮಾತೂ ಕೇಳಲ್ಲ” ಅನ್ನುತ್ತಾನೆ. ಯಂತ್ರ ಬಿಟ್ಟ ಹಕ್ಕಿಯ ಕಣ್ಣು, ಎಲೆಯ ತುದಿ, ಎಲ್ಲವನ್ನೂ ಕೊನೆಗೆ ಉಳಿಯಲ್ಲಿ ತಿದ್ದುವುದು ಆ ಹೆಬ್ಬೆರಳಿನ ಮಾತಿನಂತೆಯೇ. ಅದು ಹೋದರೆ ಅಪ್ಪನ ಪಾಲಿಗೆ ಉಳಿಯುವುದು ಊಟ, ನಿದ್ದೆ, ಗೋಡೆ.

ಅರ್ಧ ಗಂಟೆಗೊಮ್ಮೆ ಹೀಗೆ ಮರವನ್ನು ಕೇಳುತ್ತಾನೆ. ಕಿವಿ ಕೇಳದ್ದರಿಂದ ಮಣಿಕಟ್ಟಿನಲ್ಲಿ ನಡುಗುವ ಗಡಿಯಾರವೊಂದನ್ನು ಅವಳೇ ಕಟ್ಟಿದ್ದಳು.

ಕಿವಿ ಕೇಳುವುದಿಲ್ಲ. ಅಂಗಡಿಯ ತಣ್ಣನೆಯ ಗಾಜಿನ ಮೇಲೆ ಕೈಯೂರಿ ಅವಳು ಅದನ್ನು ಮೊದಲ ಸಲ ಕೇಳಿಸಿಕೊಂಡಂತೆ ನಿಂತಳು. ಇಷ್ಟು ದಿನ ಯಂತ್ರ ಓಡುತ್ತಿದೆಯೋ ಇಲ್ಲವೋ ಎಂದು ಅವನಿಗೆ ಹೇಳುತ್ತಿದ್ದದ್ದು ಮೇಜಿನ ನಡುಕ. ಅದನ್ನೂ ತೆಗೆದವಳು ಅವಳೇ. ಕೆಳಗಿನ ಮನೆಯ ಟೀಚರ್ ಮನೆಯಲ್ಲೇ ಪಾಠ ಹೇಳುವವರು. “ನಾನು ಗುಣಾಕಾರ ಹೇಳ್ತೀನಿ, ಮೇಲಿಂದ ನಿಮ್ಮ ಕಣಜದ ಹುಳು ಭಾಗಾಕಾರ ಹೇಳುತ್ತೆ. ಮಕ್ಕಳು ಯಾರ ಮಾತು ಕೇಳ್ಬೇಕು?” ಎಂದು ಮೂರು ಸಲ ಮೆಟ್ಟಿಲು ಹತ್ತಿ ಬಂದಿದ್ದರು. ಅದಕ್ಕೇ ತೆಳು ಪ್ಲಾಸ್ಟಿಕ್ಕಿನ ಹಳೇ ಮುಚ್ಚಳ ಕಿತ್ತು, ಪ್ಲೈವುಡ್ಡಿನದೊಂದನ್ನು ಮಾಡಿ, ಒಳಗೆಲ್ಲ ಸ್ಪಂಜು ಅಂಟಿಸಿ, ಯಂತ್ರದ ಕಾಲಿಗೆ ರಬ್ಬರು ಕೊಟ್ಟಿದ್ದಳು. ಸದ್ದೂ ಹೋಯಿತು, ನಡುಕವೂ ಹೋಯಿತು.

ಮುಚ್ಚಳ ತಯಾರಾಗುವ ತನಕ ಕೆಲಸ ನಿಲ್ಲಬಾರದೆಂದು ಹಳೇ ಮುಚ್ಚಳದ ಆಯಸ್ಕಾಂತವನ್ನು ಸ್ವಿಚ್ಚಿನ ಮೇಲೆ ಟೇಪು ಸುತ್ತಿ ಅಂಟಿಸಿದ್ದಳು. ಮುಚ್ಚಳವಿಲ್ಲದಿದ್ದರೂ ಇದೆ ಎಂದು ಯಂತ್ರಕ್ಕೆ ಸುಳ್ಳು ಹೇಳಿ. ಆ ನಾಲ್ಕು ದಿನ ಅಪ್ಪನನ್ನು ಕೋಣೆಗೇ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಹೊಸದನ್ನು ಕೂರಿಸಿದಳು. ಗುಳಿಗೆ ಅಂಟು ಹಾಕುವ ಹೊತ್ತಿಗೆ ಗಿರಾಕಿಯ ಫೋನು. ಮಾತಾಡುತ್ತ ಹೊಸ ಆಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡಳು. ಬಂದು ಮುಚ್ಚಳ ಮುಚ್ಚಿ, ಗುಂಡಿ ಒತ್ತಿದಳು. ಯಂತ್ರ ಓಡಿತು. ಸರಿಯಾಗಿದೆ ಅಂದುಕೊಂಡಳು.

ಮುಚ್ಚಿ ನೋಡಿದ್ದಳು. ಎತ್ತಿ ನೋಡಿರಲಿಲ್ಲ.

ಹೊಸ ಆಯಸ್ಕಾಂತ ಇಲ್ಲಿ ಅಂಗೈಯಲ್ಲಿದೆ. ಹಾಗಾದರೆ ಯಂತ್ರವನ್ನು ಓಡಿಸುತ್ತಿರುವುದು ಟೇಪಿನೊಳಗಿನ ಹಳೇ ಸುಳ್ಳು. ಈಗ ಮುಚ್ಚಳ ಎತ್ತಿದರೂ ಅದು ನಿಲ್ಲುವುದಿಲ್ಲ.

ಹನ್ನೊಂದಕ್ಕೆ ಯಂತ್ರ ಹಾಕಿದ್ದಳು. ಅಂಗಡಿಯ ಗಡಿಯಾರದಲ್ಲಿ ಹನ್ನೊಂದೂ ಹತ್ತೊಂಬತ್ತು. ಹನ್ನೊಂದೂವರೆಗೆ ಅಪ್ಪನ ಮಣಿಕಟ್ಟು ನಡುಗುತ್ತದೆ.

“ಕೀಲು ಬೇಡ್ವೇನಮ್ಮಾ?” ಅಂಗಡಿಯವನು ಕೂಗಿದ್ದು ಅವಳ ಬೆನ್ನಿಗೆ ತಾಗಿತು.

ನಡೆದರೆ ಹದಿನೈದು ನಿಮಿಷದ ದಾರಿ. ಓಡುತ್ತಲೇ ಅಪ್ಪನ ಫೋನಿಗೆ ಹಚ್ಚಿದಳು. ಅದು ಅಡುಗೆಮನೆಯ ಕಿಟಕಿಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿರಬೇಕು. ಟೀಚರಿಗೆ ಹಚ್ಚಿದಳು. ಪಾಠದ ಹೊತ್ತಿನಲ್ಲಿ ಅವರು ಫೋನನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿಡುತ್ತಾರೆ, ಗೊತ್ತು. ಆದರೂ ಹಚ್ಚಿದಳು. ಬೇಕರಿ, ಬಟ್ಟೆ ಇಸ್ತ್ರಿಯವನ ಕಿಟಕಿ, ಸೈಕಲ್ ರಿಪೇರಿ. ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಲ್ಲಿ ಅದ್ದಿದ್ದ ರಿಪೇರಿಯವನು ತಲೆಯೆತ್ತಿ, “ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?” ಅಂದ. ಟ್ಯೂಬಿನ ಗುಳ್ಳೆಗಳ ನಡುವೆ ಅವನ ಹೆಬ್ಬೆರಳು ಮಾತ್ರ ಕಂಡಿತು. ಆಮೇಲೆ ದಾರಿಯುದ್ದಕ್ಕೂ ಅವಳಿಗೆ ಹೆಬ್ಬೆರಳುಗಳೇ ಕಂಡವು: ಚೀಲ ಹಿಡಿದವು, ಬಸ್ಸಿನ ಕಂಬಿ ಹಿಡಿದವು, ಮಗುವಿನ ಬಾಯೊಳಗಿನದು. ಲೋಕದಲ್ಲಿ ಇಷ್ಟೊಂದು ಹೆಬ್ಬೆರಳಿವೆ, ಒಂದಕ್ಕೊಂದು ಅದಲು ಬದಲಾಗುವುದಿಲ್ಲ.

ತಿರುವಿನಲ್ಲಿ ಮನೆ ಕಂಡಾಗ ಫೋನಿನಲ್ಲಿ ಹನ್ನೊಂದೂ ಇಪ್ಪತ್ತೊಂಬತ್ತು. ಮೇಲೆ ಹತ್ತಲು ಇಪ್ಪತ್ತೆರಡು ಮೆಟ್ಟಿಲು, ಅದರ ಮೇಲೆ ಬೀಗ. ಮೆಟ್ಟಿಲ ಬುಡದಲ್ಲಿ ಮೀಟರಿನ ಮರದ ಪೆಟ್ಟಿಗೆ. ಅವಳ ಕಾಲು ಮೆಟ್ಟಿಲ ಕಡೆ ಹೊರಟಿತ್ತು, ಕೈ ಪೆಟ್ಟಿಗೆಯ ಕಡೆ ಹೋಯಿತು. ಬಾಗಿಲು ಎಂದಿನಂತೆ ಬೆಕ್ಕಿನ ಹಾಗೆ ಕಿರುಚಿತು. ಮೂರು ಹಿಡಿಗಳಲ್ಲಿ ಯಾವುದು ತಮ್ಮದು ಎಂಬ ಬರಹ ಎಂದೋ ಅಳಿಸಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಜಗ್ಗಿ ಕೆಳಗಿಳಿಸಿದಳು.

ಟೀಚರ ಮನೆಯ ಫ್ಯಾನು ನಿಂತಿತು. ಮಕ್ಕಳು “ಹೋ!” ಎಂದವು.

ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಬೀಗದ ಕೈಗೆ ಆಯಸ್ಕಾಂತ ಇನ್ನೂ ಕಚ್ಚಿಕೊಂಡಿತ್ತು, ಕೈ ತೂತಿಗೆ ಇಳಿಯಲೊಲ್ಲದು. ಕಿತ್ತೆಸೆದಳು. ಬಾಗಿಲು ತೆರೆಯಿತು.

ಅಪ್ಪ ಬೆನ್ನು ಹಾಕಿ ನಿಂತಿದ್ದ. ಬಲಗೈಯಲ್ಲಿ ಭಾರದ ಮುಚ್ಚಳ ಎತ್ತಿ ಹಿಡಿದಿದ್ದಾನೆ. ಎಡಗೈ ಒಳಗಿದೆ. ಮೊಣಕೈ ತನಕ, ಕುತ್ತಿಗೆಯ ತನಕ, ಮರದ ಪುಡಿ ಎರಚಿದ ಹಾಗೆ ಬಿದ್ದಿತ್ತು. ನಿಂತ ಯಂತ್ರ ಪುಡಿ ಎರಚುವುದಿಲ್ಲ. ಅಂದರೆ ಅವನು ಮುಚ್ಚಳ ಎತ್ತಿದಾಗ ಅದು ಓಡುತ್ತಿತ್ತು. ಕಣ್ಣು ಮುಚ್ಚಿ ಕೈ ಒಳಗಿಡುವಷ್ಟರಲ್ಲಿ ಕರೆಂಟು ಹೋಗಿತ್ತು. ನಡುವೆ ಇದ್ದದ್ದು ಒಂದು ಉಸಿರು.

ಹೆಬ್ಬೆರಳು ಹಲಗೆಯಲ್ಲಿ ಅರ್ಧ ಮೂಡಿದ್ದ ಕೊಕ್ಕರೆಯ ಕುತ್ತಿಗೆಯ ಮೇಲೆ ತೆವಳುತ್ತಿತ್ತು. ಮೇಲಕ್ಕೆ, ತಲೆಯ ಕಡೆಗೆ. ಕೊಕ್ಕರೆಯ ಕಣ್ಣಿನ ಜಾಗದಲ್ಲಿ ಅಲಗು ಅರ್ಧ ಮುಳುಗಿ ಸುಮ್ಮನೆ ನಿಂತಿತ್ತು.

ಆಗ ಕೆಳಗೆ ಬೆಕ್ಕು ಕಿರುಚಿತು. ಪೆಟ್ಟಿಗೆಯ ಬಾಗಿಲು.

“ಯಾರು ಮೇನ್ ತೆಗೆದಿದ್ದು? ಬುದ್ಧಿ ಇಲ್ವಾ?” ಟೀಚರ ದನಿ.

“ಟೀಚರ್, ಹಾಕ್ಬೇಡಿ!”

“ಏನು? ಏನಂದ್ರಿ?”

ಕರೆಂಟು ಬಂದರೆ ಅಲಗು ಯಾರನ್ನೂ ಕೇಳದೆ ತಿರುಗುತ್ತದೆ. ಪ್ಲಗ್ಗು ಯಂತ್ರದ ಆಚೆ ಬದಿಯ ಗೋಡೆಯಲ್ಲಿದೆ. ಕೂಗಿದರೆ ಅಪ್ಪನಿಗೆ ಕೇಳುವುದಿಲ್ಲ. ಹಿಂದಿನಿಂದ ಹೋಗಿ ಮುಟ್ಟಿದರೆ ಬೆಚ್ಚಿ ಮುಂದಕ್ಕೆ ಬಾಗುತ್ತಾನೆ, ಬಾಗಿದರೆ ಕೈ ಸೀದಾ ಅಲಗಿನ ಮೇಲೆ.

ಚಿಕ್ಕಂದಿನಲ್ಲಿ ಅವಳು ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದದ್ದು ಕಾಲಿನಿಂದ. ಹಿಮ್ಮಡಿಯಲ್ಲಿ ನೆಲವನ್ನು ಎರಡು ಸಲ ಗುದ್ದುವುದು. ಅವನಿಗೆ ಅಂಗಾಲಿನಲ್ಲಿ ಕೇಳುತ್ತಿತ್ತು. ಕೆಳಗಿನ ಮನೆಗೆ ಟೀಚರ್ ಬಂದ ಮೇಲೆ ಅದನ್ನು ಬಿಟ್ಟಿದ್ದಳು.

ಈಗ ಗುದ್ದಿದಳು. ಎರಡು ಸಲ. ನೆಲ ಒಡೆಯುವ ಹಾಗೆ.

ಅಪ್ಪ ಕಣ್ಣು ತೆರೆದ. ಎಡಗೈ ಹೊರಗೆ ತೆಗೆದು, ಮುಚ್ಚಳ ಹಿಡಿದೇ ತಿರುಗಿದ. ಮುಖದಲ್ಲಿ ನಗು ಮೂಡುತ್ತಿತ್ತು.

“ಊಟಕ್ಕೆ ಇನ್ನೂ ಹೊತ್ತಿದೆಯಲ್ಲೇ, ಗುಬ್ಬಿ…”

ಕೆಳಗೆ ಹಿಡಿ ಮೇಲೇರಿತು. ಅಪ್ಪನ ಬೆನ್ನ ಹಿಂದೆ, ತೆರೆದ ಮುಚ್ಚಳದಡಿಯಲ್ಲಿ, ಅಲಗು ಕಿರ್ರೆಂದು ತಿರುಗಲು ತೊಡಗಿತು. ಕೊಕ್ಕರೆಯ ಕಣ್ಣಿನಿಂದ ಸುಟ್ಟ ಮರದ ಹೊಗೆ ಎದ್ದಿತು. ಅಪ್ಪನಿಗೆ ಸದ್ದು ಕೇಳಲಿಲ್ಲ. ಅವಳ ಮುಖ ಕಂಡಿತು. ಅದನ್ನು ಓದಿ, ಮೆಲ್ಲನೆ ಹಿಂದೆ ತಿರುಗಿ ನೋಡಿದ.

“ನೆಲ ಗುದ್ದಬೇಡಿ ಅಂತ ಎಷ್ಟು ಸಲ ಹೇಳ್ಲಿ!” ಕೆಳಗಿಂದ ಟೀಚರ್ ಕೂಗಿದರು. “ಸುಣ್ಣ ಉದುರಿ ಮಕ್ಕಳ ತಲೆ ಮೇಲೆ ಬೀಳ್ತಿದೆ!”

ಗುಬ್ಬಿ ಅಪ್ಪನನ್ನು ಬಳಸಿಕೊಂಡು ಹೋಗಿ ಪ್ಲಗ್ಗು ಕಿತ್ತಳು. ಆಮೇಲೆ ಮೊಣಕಾಲೂರಿ ಸ್ವಿಚ್ಚಿನ ಮೇಲಿನ ಟೇಪನ್ನು ಉಗುರಿನಿಂದ ಕೆರೆದು ಬಿಡಿಸಿದಳು. ಹಳೇ ಆಯಸ್ಕಾಂತ ಅಂಗೈಗೆ ಬಿತ್ತು. ಅದನ್ನು ಅಪ್ಪನ ಕಣ್ಣ ಮುಂದೆ ಹಿಡಿದಳು. ತುಟಿ ಓದಲಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ನಾನು. ತೆಗೆಯೋಕೆ. ಮರೆತಿದ್ದೆ.”

ಅಪ್ಪ ಆಯಸ್ಕಾಂತ ನೋಡಿದ, ಮುಚ್ಚಳ ನೋಡಿದ, ತನ್ನ ತೋಳಿನ ಮೇಲಿನ ಪುಡಿಯನ್ನು ಈಗ ಮೊದಲ ಸಲ ನೋಡಿದ. ಮುಚ್ಚಳ ಇಳಿಸಿ, ಎಡಗೈಯನ್ನು ಬಲಗೈಯಿಂದ ಮುಚ್ಚಿ ಹಿಡಿದುಕೊಂಡ, ಗೂಡಿನಿಂದ ಬಿದ್ದ ಮರಿಯನ್ನು ಹಿಡಿದ ಹಾಗೆ.

“ಎತ್ತಿದ್ರೆ ನಿಲ್ಲುತ್ತೆ ಅಂದಿದ್ದೆ ನೀನು.”

ಅವಳು ತಲೆಯಾಡಿಸಿದಳು.

ಕೆಳಗೆ ಮಕ್ಕಳು ಮಗ್ಗಿಯನ್ನು ಬಿಟ್ಟಲ್ಲಿಂದ ಹಿಡಿದರು. ಆಮೇಲೆ ಅಪ್ಪ ಬಗ್ಗಿ ನೆಲದಲ್ಲಿ ಬಿದ್ದಿದ್ದ ಪ್ಲಗ್ಗನ್ನು ಎತ್ತಿಕೊಂಡ. ವೈರನ್ನು ಎರಡು ಸುತ್ತು ಬಲಗೈಗೆ ಸುತ್ತಿ, ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು, ಯಂತ್ರದ ಮುಂದೆ ನಿಂತ.

“ಮುಚ್ಚಳ ನೀನು ಹಿಡ್ಕೋ.”

ಅವಳು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಸ್ಪಂಜು ತುಂಬಿದ ಅದು ಹೆಣಭಾರವಿತ್ತು. ಅಪ್ಪ ಎಡಗೈಯನ್ನು ಒಳಗೆ ಚಾಚಿದ. ಕೊಕ್ಕರೆಯ ಕುತ್ತಿಗೆಯ ಹತ್ತಿರ, ಮರಕ್ಕೆ ಒಂದು ಬೆರಳು ಅಂತರದಲ್ಲಿ, ಕೈ ನಿಂತಿತು. ಮುಂದೆ ಹೋಗಲಿಲ್ಲ. ಅವನು ಕಾದ, ಅವಳೂ ಕಾದಳು.

ಕೊನೆಗೆ ಹೆಬ್ಬೆರಳು ಮರಕ್ಕೆ ಇಳಿಯಿತು. ಅವನ ಕಣ್ಣು ಮಾತ್ರ ತೆರೆದೇ ಇತ್ತು, ಎವೆ ಬಡಿಯದೆ ಆ ಅಲಗನ್ನೇ ನೋಡುತ್ತಿತ್ತು.