ಪುಸ್ತಕಕ್ಕೆ ತೋರಿಸಿದ ಗಂಜಿ

ದೇವರ ಮುಂದೆ ಉಂಡ ಬಾಯಲ್ಲಿ ಹೋಗಬಾರದು. ಸುಕ್ರಿಗೆ ಅಷ್ಟು ಗೊತ್ತಿತ್ತು. ಇಡಗುಂಜಿಗೆ ಹೋಗುವ ದಿನ ಅವಳು ಪೂಜೆಯಾಗುವ ತನಕ ನೀರೂ ಮುಟ್ಟುತ್ತಿರಲಿಲ್ಲ. ಪುಸ್ತಕವೂ ದೇವರೇ ಅಂದ ಮೇಲೆ ಶಾಲೆಗೂ ಅದೇ ಮಡಿಯಲ್ಲವೇ? ಅದಕ್ಕೇ ಮಗಳು ಹೊನ್ನಿಗೆ ಬೆಳಿಗ್ಗೆ ಒಂದು ಚೂರು ಬೆಲ್ಲ ಮಾತ್ರ. ಗಂಜಿಯೇನಿದ್ದರೂ ಮಧ್ಯಾಹ್ನ ಮನೆಗೆ ಬಂದ ಮೇಲೆ.

ಮುಂಬಯಿ ಸರ್ಕಾರ ಹೋಗಿ ಮೈಸೂರಿನದು ಬಂದು ಮೂರು ವರ್ಷವಾಗಿತ್ತು. ಹೊನ್ನಿ ನಾಲ್ಕನೇ ಇಯತ್ತೆ. ಸಂಜೆ ಅಜ್ಜಿಯ ಜೊತೆ ಕೂತರೆ ಸುಗ್ಗಿ ಹಾಡನ್ನು ಒಂದಕ್ಷರ ಬಿಡದೆ ಹೇಳುವವಳು, ಬೆಳಿಗ್ಗೆ ಶಾಲೆಯಲ್ಲಿ ಏಳರ ಮಗ್ಗಿಗೆ ಬಾಯಿಯೇ ಬಿಡಳು.

"ಎರಡು ಮಂಡೆ ಅದೆಯೇನೇ ಇದ್ಕೆ? ಸಂಜೆಗೊಂದು, ಬೆಳಿಗ್ಗೆಗೊಂದು!" ಎಂದು ನಕ್ಕ ಗಂಡ ಜಟ್ಟಿ. ನಗು ಮುಗಿದ ಮೇಲೆ, "ಈ ಸಲ ಪರೀಕ್ಷೇಲಿ ಬಿದ್ರೆ ಶಾಲೆ ಸಾಕು, ಗದ್ದೆಗೆ ಬರ್ಲಿ," ಎಂದುಬಿಟ್ಟ.

ಎಲ್ಲೋ ಮಡಿ ತಪ್ಪಿರಬೇಕು ಎಂದುಕೊಂಡು ಸುಕ್ರಿ ಆ ಬೆಲ್ಲವನ್ನೂ ನಿಲ್ಲಿಸಿದಳು. ಅದೇ ವಾರ ಹೊನ್ನಿ ಕರಿಹಲಗೆಯ ಮುಂದೆ ತಲೆಸುತ್ತಿ ಬಿದ್ದಳು. ಅವಳ ಕೈ ಹಿಡಿದುಕೊಂಡು, ಮಗ್ಗಿ ಕಲಿಸುವ ಸುಮತಿ ಅಕ್ಕೋರು ಅಂಗಳಕ್ಕೇ ಬಂದರು.

"ಬೆಳಿಗ್ಗೆ ಎಂತ ಕೊಡ್ತಿ ಇವಳಿಗೆ?"

"ಎಂತದೂ ಇಲ್ಲ ಅಕ್ಕೋರೆ, ಶುದ್ಧವಾಗೇ ಕಳಿಸ್ತೆ," ಎಂದಳು ಸುಕ್ರಿ, ಹೆಮ್ಮೆಯಿಂದ.

"ಅಯ್ಯೋ ಮಾರಾಯ್ತಿ! ಹಸಿದ ಮಂಡೆಗೆ ಮಗ್ಗಿ ಹತ್ತೂದಿಲ್ಲ. ಇಡಗುಂಜಿ ಗಣಪನ ಹೊಟ್ಟೆ ನೋಡಿದ್ಯಾ? ವಿದ್ಯೆ ಕೊಡೋ ದೇವರೇ ಉಂಡು ನಿಂತಾನೆ!"

ಸುಕ್ರಿಗೆ ದಿಕ್ಕೇ ತೋಚಲಿಲ್ಲ. ಉಣ್ಣಿಸಿದರೆ ದೇವರ ಮುನಿಸು, ಉಣ್ಣಿಸದಿದ್ದರೆ ಅಕ್ಕೋರ ಮಾತು. ಪರೀಕ್ಷೆಯ ಬೆಳಿಗ್ಗೆ ಗಂಜಿ ಬಡಿಸಿದಳು. ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಮುಂದಿಟ್ಟಳು.

"ಅವ್ವ, ಕುಡಿಲಾ, ಬೇಡ್ವಾ?"

ಕೊನೆಗೆ ಮಗಳ ಚೀಲದಿಂದ ಪುಸ್ತಕ ತೆಗೆದು ಮಣೆಯ ಮೇಲಿಟ್ಟಳು. ಬಟ್ಟಲನ್ನು ಅದರ ಮುಂದೆ ಹಿಡಿದು ಕಣ್ಣು ಮುಚ್ಚಿದಳು. ನೈವೇದ್ಯವಾದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಯಾವ ಮಡಿ? "ಹೂಂ, ಆತು. ಈಗ ಕುಡಿ." ಒಂದು ಕಡೆಯಾದರೂ ಉಪವಾಸ ಇರಲೆಂದು, ತಾನು ಮಾತ್ರ ಹನಿ ನೀರು ಮುಟ್ಟಲಿಲ್ಲ.

ಹೊನ್ನಿ ಪಾಸಾದಳು.

"ಎಂತ ಮಾಡಿದ್ಯೇ?" ಎಂದು ಜಟ್ಟಿ ಕೇಳಿದಾಗ ಸುಕ್ರಿ ಬೆರಳು ಮಡಿಸಿ ಎಣಿಸಿದಳು. ಗಂಜಿಯೋ, ತನ್ನ ಉಪವಾಸವೋ, ಡೊಳ್ಳುಹೊಟ್ಟೆಯ ಗಣಪನೋ? ಯಾವುದನ್ನು ಬಿಡಬೇಕೆಂದು ತಿಳಿಯದೆ ಯಾವುದನ್ನೂ ಬಿಡಲಿಲ್ಲ. ಐದನೇ ಇಯತ್ತೆಯ ಮೊದಲ ದಿನವೂ ಪುಸ್ತಕಕ್ಕೆ ತೋರಿಸಿ ಬಟ್ಟಲನ್ನು ಮಗಳ ಕೈಗೆ ಕೊಟ್ಟಳು.

"ನೀ ಕುಡಿಯೂದಿಲ್ವಾ ಅವ್ವ?"

"ನಾ ಎಂತ ಮಗ್ಗಿ ಹೇಳ್ಬೇಕಾ? ನೀ ಕುಡಿ."