ಚಮನಬೀಯ ಮೂಗುತಿ

"ತೌಫೀಕ್, ಇಕ್ಕಳ ತಗೊಂಡ್ ಬಾ!" ಪರದೆಯೊಳಗಿನಿಂದ ಚಿಕ್ಕಮ್ಮ ಗೌಹರಬೇಗಂ ಕೂಗಿದ್ದೇ ತಡ, ಗುಲ್ನಾಜ್ ಅವಳ ಕೈ ಹಿಡಿದಳು.

"ಬ್ಯಾಡ್ರಿ ಖಾಲಾ. ಅಮ್ಮಿ ಮೂಗಿಗಿ ಇಕ್ಕಳ ಹಚ್ಚಬ್ಯಾಡ್ರಿ."

"ಮತ್ತೇನ್ ಮಾಡ್ಲಿ ಬೇಟಿ? ಬಂಗಾರ ಇಟ್ಟು ಮಣ್ಣು ಮಾಡಾಕ ಬರಂಗಿಲ್ಲ. ತಿರುಪು ಕಚ್ಕೊಂಡು ಕುಂತದ."

ಸುರಪುರದ ಆ ಮನೆಯ ಹಿತ್ತಲಲ್ಲಿ ಚಮನಬೀಗೆ ಕೊನೆಯ ಸ್ನಾನ ನಡೆದಿತ್ತು. ಬಳೆ ಸಲೀಸಾಗಿ ಬಂದವು, ಓಲೆಯೂ ಬಂತು. ಮೂಗುತಿ ಮಾತ್ರ ಹಟ ಹಿಡಿದಿತ್ತು. ಡಾಕ್ಟರರ ಎಕ್ಸ್‌ರೇ ಕೋಣೆಯ ಆಯಾ ಆಗಿ ಊರ ಹೆಂಗಸರ ಒಡವೆಯನ್ನೆಲ್ಲ ಬಿಚ್ಚಿಸಿದ ಜಾಣೆ, ತನ್ನದನ್ನು ಒಮ್ಮೆಯಾದರೂ ಬಿಚ್ಚಿದ್ದರೆ ತಾನೇ!

"ಖಾಲಾ, ಅಸರ್ ನಮಾಜಿಗಿ ಹೊತ್ತಾತ್ರಿ," ಹೊರಗಿನಿಂದ ಅಣ್ಣ ತೌಫೀಕ್‌ನ ದನಿ. "ಮಂದಿ ಕಾಯಾಕತ್ತಾರ."

ಗುಲ್ನಾಜ್ ಅಮ್ಮಿಯ ಮುಖವನ್ನೇ ನೋಡಿದಳು. ಅವಸರದಲ್ಲಿ ಎಳೆದರೆ ಮೂಗು ಹರಿದೀತು. ಹರಿದ ಮೂಗಿನ ಅಮ್ಮಿಯೇ ತನಗೆ ಕೊನೆಯ ನೆನಪಾಗಿ ಉಳಿದುಬಿಟ್ಟರೆ?

ಹೊರಗೆ ಪರದೆಯ ಅಂಚು ಹಿಡಿದು ನಿಂತಿದ್ದ ನೆರೆಮನೆಯ ಚಂದ್ರಕಲಾ ಬಿಕ್ಕಿದಳು.

"ಎಕ್ಸ್‌ರೇ ತೆಗಿಯೂ ಮುಂದ ತಾಳಿ ಬಿಚ್ಚಂಗಿಲ್ಲಂತ ನಾ ಅತ್ತೆನವ್ವಾ. ನಿಮ್ಮವ್ವ ಏನಂದ್ಲು? ‘ನಾ ಮುಷ್ಟ್ಯಾಗ ಹಿಡ್ಕೊಂಡಿರ್ತೀನಿ ತಂಗಿ. ನೀ ತಿರುಗಿ ಬರೂತನಕ ಮುಷ್ಟಿ ಬಿಚ್ಚಂಗಿಲ್ಲ’ ಅಂದ್ಲು. ಹಂಗೇ ನಿಂತಿದ್ಲು ನೋಡು. ‘ಉಸಿರು ಹಿಡೀರಿ’ ಅಂದ್ರೂ ಅಕಿನೇ, ‘ಬಿಡ್ರಿ’ ಅಂದ್ರೂ ಅಕಿನೇ."

*

ಹೋದ ವರ್ಷ ಚಮನಬೀ ಮಗಳು ಕೆಲಸ ಮಾಡುವ ಕಡಲ ಸಂಶೋಧನಾಲಯ ನೋಡಲು ಗೋವಾಕ್ಕೆ ಹೋಗಿದ್ದಳು. ಬಂಗಾಳ ಕೊಲ್ಲಿಯ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರನ್ನು ಉದ್ದಕ್ಕೆ ಸೀಳಿ ಎಕ್ಸ್‌ರೇ ಯಂತ್ರದೊಳಗೆ ಮಲಗಿಸಿದ್ದರು. ಗುಲ್ನಾಜ್ ಅದರ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹೊದಿಸಿ, ನಡುವಿನಿಂದ ಅಂಚಿಗೆ ಬೆರಳ ತುದಿಯಲ್ಲಿ ಸವರುತ್ತಿದ್ದಳು.

"ಯಾಕ ಇಷ್ಟ್ ಮೆಲ್ಲಕ?"

"ಒಂದು ಗಾಳಿ ಗುಳ್ಳಿ ಉಳಿದ್ರೂ ಎಕ್ಸ್‌ರೇ ಸುಳ್ಳು ಹೇಳ್ತದ ಅಮ್ಮಿ. ಒತ್ತಿದ್ರ ಸಾವಿರಾರು ವರ್ಷದ ಪದರ ಕಲಸಿ ಹೋಗ್ತಾವ."

"ಎಲುಬಿಲ್ಲದ ಮಣ್ಣಾಗ ಏನ್ ಕಾಣ್ತದ?"

"ಕಬ್ಬಿಣ ಎಷ್ಟದ, ಸುಣ್ಣ ಎಷ್ಟದ ಅಂತ ಕಾಣ್ತದ. ಹೊಳಿ ಯಾವ ಕಾಲಕ್ಕ ಎಷ್ಟು ಮಣ್ಣು ತಂತು, ಮಳಿ ಯಾವಾಗ ಜೋರಿತ್ತು ಅಂತ ಅದರಿಂದ ಅಂದಾಜು ಮಾಡ್ತೀವಿ. ನಮ್ಮ ಕೃಷ್ಣಾ ಒಯ್ದ ಮಣ್ಣೂ ಇದರಾಗ ಇದ್ದೀತು."

"ಹಂಗಾರ ನಮ್ಮೂರದೇ ಅನ್ನು!" ನೆಂಟರ ಎದುರು ನಿಂತವಳಂತೆ ಚಮನಬೀ ಸೆರಗು ಸರಿಮಾಡಿಕೊಂಡಳು. ಯಂತ್ರ ಶುರುವಾಗುತ್ತಲೇ ಕೆಸರಿನ ಕಡೆ ಬಗ್ಗಿ, "ಉಸಿರು ಹಿಡಿ," ಎಂದು ತಾನೇ ಹಿಡಿದುಕೊಂಡಳು. ಯಂತ್ರ ಎಳ್ಳಿನಷ್ಟು ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು. ಚಮನಬೀಯ ಮುಖ ಕೆಂಪಾಯಿತು.

"ಸಂಜೀತನಕ ನಡೀತದ ಅಮ್ಮಿ, ಬಿಡು!"

ತಾಯಿ ಮಗಳು ಹೊಟ್ಟೆ ಹಿಡಿದು ನಕ್ಕಿದ್ದರು.

*

"ಬಿಸಿನೀರಾಗ ಅದ್ದಿದ ಅರಿವಿ ಕೊಡ್ರಿ ಖಾಲಾ. ಕೊಬ್ಬರಿ ಎಣ್ಣೀನೂ ಕೊಡ್ರಿ."

ಗುಲ್ನಾಜ್ ಬೆಚ್ಚನೆಯ ಬಟ್ಟೆಯನ್ನು ಅಮ್ಮಿಯ ಮೂಗಿಗೆ ಒತ್ತಿ ಹಿಡಿದಳು. ಹೊರಗಿನಿಂದ ತೌಫೀಕ್ ಮತ್ತೆ ಕರೆದ. ಅವಳು ಎಣ್ಣೆಯ ಹನಿ ಬಿಟ್ಟು, ಕೆಸರಿನ ಮೇಲೆ ಹಾಳೆ ಸವರಿದಂತೆಯೇ ನಡುವಿನಿಂದ ಅಂಚಿಗೆ ಬೆರಳಾಡಿಸಿದಳು. ತಿರುಪು ಬೆರಳಿನಿಂದ ಜಾರಿತು, ಸಿಕ್ಕಿತು, ಮತ್ತೆ ಜಾರಿತು.

"ಉಸಿರು ಹಿಡೀರಿ."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಗೊಣಗುತ್ತಿದ್ದ ಗೌಹರಬೇಗಂ ಬಾಯಿ ಮುಚ್ಚಿದಳು. ಪರದೆಯಾಚೆಯ ಬಿಕ್ಕು ನಿಂತಿತು. ತಿರುಪು ಅರ್ಧ ಸುತ್ತು ತಿರುಗಿತು. ಇನ್ನರ್ಧ ತಿರುಗಿ ಬೆರಳ ಸಂದಿಗೆ ಬಂತು.

ಮೂಗು ಹರಿದಿರಲಿಲ್ಲ. ಮುಂಜಾನೆಯಿಂದ ಕಣ್ಣೀರೇ ಬಾರದಿದ್ದ ಗುಲ್ನಾಜ್ ಆಗ ಗೋಳೋ ಎಂದು ಅತ್ತಳು.

ಪರದೆಯ ಕೆಳಗಿನಿಂದ ಚಂದ್ರಕಲಾಳ ಕೈ ಒಳಗೆ ಚಾಚಿಕೊಂಡಿತು. "ಇಲ್ಲಿ ತಾ ಯವ್ವಾ. ನಾ ಹಿಡ್ಕೊಂಡಿರ್ತೀನಿ." ಗುಲ್ನಾಜ್ ಮೂಗುತಿಯನ್ನು ಆ ಅಂಗೈಗೆ ಹಾಕಿದಳು.

ಜನಾಜಾ ಎದ್ದಿತು. ಹೆಂಗಸರು ಬಾಗಿಲಲ್ಲೇ ನಿಂತರು. ಹೆಗಲಿಂದ ಹೆಗಲಿಗೆ ಸಾಗಿ ಅದು ಮಸೀದಿಯ ಓಣಿಯಲ್ಲಿ ಮರೆಯಾಯಿತು.

"ಒಯ್ದ್ರು ಚಂದ್ರಕಲಾ," ಗೌಹರಬೇಗಂ ಮೆಲ್ಲಗೆ ಅಂದಳು. "ಗುಲ್ನಾಜ್‌ಗ ಕೊಟ್ಟುಬಿಡು."

ಚಂದ್ರಕಲಾ ಓಣಿಯನ್ನೇ ನೋಡುತ್ತ ನಿಂತಿದ್ದಳು. ಮುಷ್ಟಿ ಬಿಚ್ಚಲಿಲ್ಲ.