ಕ್ಷೌರದ ಕುರ್ಚಿಯಲ್ಲಿ ನಿದ್ದೆಹೋದ ಸೆನೆಟರ್

ಅಮೆರಿಕದ ಅಧ್ಯಕ್ಷರಾಗುವ ಆಸೆ ಹೊತ್ತವರೆಲ್ಲ ಒಂದಲ್ಲ ಒಂದು ದಿನ ಅಯೋವಾದ ಎಲ್ಮ್‌ಡೇಲಿಗೆ ಬಂದು ಕೈಕುಲುಕಿ ಹೋಗುವವರೇ. ಹಾಗಾಗಿ ಯಾರು ನಿಲ್ಲುತ್ತಾರೆ ಅನ್ನುವುದು ಆ ಪುಟ್ಟ ಊರಿಗೆ ದೊಡ್ಡ ಮಾತಲ್ಲ. ‘ನಿಲ್ಲುತ್ತೇನೆ’ ಅಂತ ಬಾಯಿಬಿಡುವುದು ಯಾವತ್ತು ಅನ್ನುವುದರ ಮೇಲೆಯೇ ಅಲ್ಲಿ ಪಂದ್ಯ.

ಕ್ಷೌರದಂಗಡಿಯ ಹಾರ್ಲನ್‌ಗೂ, ರೇಡಿಯೋದಲ್ಲಿ ಸುದ್ದಿ ಓದಿ ನಿವೃತ್ತನಾದ ಅವನ ಗೆಳೆಯ ಡೆಲ್ಮರ್‌ಗೂ ಈ ಪಂದ್ಯ ಹರೆಯದಿಂದಲೂ ನಡೆದು ಬಂದದ್ದು. ಸೋತವನು ಚಳಿಗಾಲವಿಡೀ ಗೆದ್ದವನ ಮನೆಮುಂದಿನ ಹಿಮ ಗೋರಬೇಕು. ಗೋರಿದ್ದೆಲ್ಲ ಹೆಚ್ಚುಕಡಿಮೆ ಹಾರ್ಲನ್ನೇ.

ಈ ಸಲದ ಕುದುರೆ ಸೆನೆಟರ್ ಪೆಲ್ಹಮ್. ಆ ದಿನ ಕೋರ್ಟಿನ ಮುಂದೆ ವೇದಿಕೆ ಎದ್ದಿತ್ತು.

“ಇವತ್ತೇ ಕಣೋ,” ಅಂದ ಡೆಲ್ಮರ್.

“ಮೆಕ್ಕೆಜೋಳದ ಕೊಯ್ಲು ಮುಗಿಯೋವರೆಗೂ ಬಾಯಿಬಿಡಲ್ಲ ಅವನು.”

“ಮತ್ತೆ ಇಷ್ಟೊಂದು ಬಾವುಟ ಕಟ್ಟಿಸ್ಕೊಂಡು ಹವಾಮಾನ ವರದಿ ಓದೋಕೆ ಬರ್ತಾನಾ?” ಅಂತ ಹಂಗಿಸಿ, ಡೆಲ್ಮರ್ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಹೊರಟ.

ಅವನು ಅತ್ತ ಹೋಗುತ್ತಲೇ ಸೆನೆಟರ್ ಇತ್ತ ಅಂಗಡಿಯೊಳಗೆ ಬಂದ. ಸಭೆಗೆ ಮುಂಚೆ ಸ್ವಲ್ಪ ಕೂದಲು, ಗಡ್ಡ ಒಪ್ಪ ಮಾಡಿಸಿಕೊಳ್ಳಬೇಕಿತ್ತು. ಕಣ್ಣ ಸುತ್ತ ಕಪ್ಪು, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಹಾರ್ಲನ್ ಅವನ ಮುಖಕ್ಕೆ ಬಿಸಿ ಟವೆಲ್ ಇಟ್ಟದ್ದೇ ತಡ, ಮನುಷ್ಯ ಗೊರಕೆ ಹೊಡೆಯತೊಡಗಿದ.

ಕ್ಷೌರ ಮುಗಿಯಿತು, ನಿದ್ದೆ ಮುಗಿಯಲಿಲ್ಲ. ಹೊರಗೆ ಫೋನಿನಲ್ಲಿದ್ದ ಅವನ ಸಹಾಯಕಿ ಒಳಗೆ ಬಂದಳು. “ಎಬ್ಬಿಸಿ ಸಾರ್, ಜನ ಕಾಯ್ತಿದಾರೆ.”

“ಎಬ್ಬಿಸ್ತೀನಿ ತಾಯಿ. ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು ಇವರು?”

ಹುಡುಗಿ ಸೆನೆಟರನ ಮುಖ ನೋಡಿದಳು. ಆಮೇಲೆ ಫೋನು ಚೀಲಕ್ಕೆ ಹಾಕಿ ಬೆಂಚಿನ ಮೇಲೆ ಕೂತಳು. ಹಾರ್ಲನ್ ಕಿಟಕಿಯ ಪರದೆ ಎಳೆದ. ಕನಿಕರ ನಿಜ, ಆದರೆ ಪಂದ್ಯದ ನೆನಪೂ ಮನಸ್ಸಿನಲ್ಲಿ ಸುಳಿದದ್ದು ಸುಳ್ಳಲ್ಲ.

ಶಾಲೆಯ ಬ್ಯಾಂಡಿನವರು ತಮಗೆ ಬರುವುದನ್ನೆಲ್ಲ ಎರಡೆರಡು ಸಲ ಬಾರಿಸಿ ಸುಸ್ತಾಗುವ ಹೊತ್ತಿಗೆ ಸೆನೆಟರನಿಗೆ ಎಚ್ಚರವಾಯಿತು. “ಯಾಕ್ರೀ ಎಬ್ಬಿಸಲಿಲ್ಲ?”

“ಪಾಪ ಅನ್ನಿಸ್ತು ಸಾಹೇಬ್ರೇ. ಪಂದ್ಯವೂ ಕಟ್ಟಿದೀನಿ. ನೀವು ಹೇಳೋದು ಕೊಯ್ಲಾದ ಮೇಲೆ ಅಂತ.”

ಸೆನೆಟರ್ ಬೈಯಲಿಲ್ಲ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. “ನನ್ನ ಹೆಂಡತಿಯೂ ಹಾಗೇ ಅಂದಿದ್ಲು. ಮಗನ ಮದುವೆ ಮುಗೀಲಿ, ಆಮೇಲೆ ನೋಡೋಣ ಅಂತ.”

ವೇದಿಕೆ ಹತ್ತಿದವನು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. “ಕ್ಷೌರದ ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ದೇಶ ಕಾಯ್ತೀನಿ ಅನ್ನೋ ಮಾತು ಇವತ್ತು ನನ್ನ ಬಾಯಲ್ಲಿ ಚೆನ್ನಾಗಿರಲ್ಲ. ಮದುವೆ ಮುಗಿಸಿ ಹೇಳ್ತೀನಿ.” ಜನ ಬಿದ್ದುಬಿದ್ದು ನಕ್ಕರು. ಯಾರೋ ಅಜ್ಜಿ ತಟ್ಟೆಯಲ್ಲಿ ಚೆರ್ರಿ ಪೈ ತಂದುಕೊಟ್ಟಳು. ಅಲ್ಲೇ ನಿಂತು ಪೂರ್ತಿ ತಿಂದ.

ಡೆಲ್ಮರ್ ಕೆಂಡವಾಗಿ ಅಂಗಡಿಗೆ ಬಂದ. “ಬಿಸಿ ಟವೆಲ್ ಹಾಕಿ ಮಲಗಿಸಿದೀಯ. ಮೋಸ.”

“ಸ್ವಲ್ಪ ಮೋಸವೇ. ಪಂದ್ಯ ರದ್ದು ಅಂತಿಟ್ಕೋ,” ಅಂದ ಹಾರ್ಲನ್. ಇಷ್ಟು ಬೇಗ ಒಪ್ಪಿಕೊಂಡರೆ ಜಗಳ ಮುಂದುವರಿಸುವುದು ಹೇಗೆ? ಡೆಲ್ಮರ್ ಗೊಣಗುತ್ತ ಕೂತ.

ನವೆಂಬರಿನ ಒಂದು ಬೆಳಿಗ್ಗೆ ಡೆಲ್ಮರ್ ಕೂದಲು ಕತ್ತರಿಸಿಕೊಳ್ಳುತ್ತಿದ್ದಾಗ ರೇಡಿಯೋದಲ್ಲಿ ಸುದ್ದಿ ಬಂತು: ಮಗನ ಮದುವೆ ಮುಗಿಸಿದ ಸೆನೆಟರ್ ಪೆಲ್ಹಮ್ ಚುನಾವಣೆಗೆ ನಿಲ್ಲುವುದಿಲ್ಲ. ಹಾರ್ಲನ್ನನ ಕತ್ತರಿ ನಿಂತಿತು.

“ಅವತ್ತು ಎಬ್ಬಿಸಿದ್ರೆ ದೇಶಕ್ಕೊಬ್ಬ ಅಧ್ಯಕ್ಷ ಸಿಗ್ತಿದ್ನೇನೋ, ಡೆಲ್ಮರ್.”

“ಇಲ್ಲ, ಅವನ ಹೆಂಡತಿಗೆ ಒಬ್ಬ ಸೋತ ಗಂಡ ಸಿಗ್ತಿದ್ದ.” ಡೆಲ್ಮರನ ದನಿ ಮೆತ್ತಗಾಯಿತು. “ನಾನಿದ್ರೂ ಎಬ್ಬಿಸ್ತಿರಲಿಲ್ಲ ಕಣೋ. ನೀನೇ ಹೇಳಿದ್ಯಲ್ಲ, ಬೆಂಚಿನ ಮೇಲೆ ಕೂತ ಆ ಹುಡುಗಿಯೂ ಎಬ್ಬಿಸಲಿಲ್ಲ ಅಂತ.”

ಹಾರ್ಲನ್ ಮೂಗೊರೆಸಿಕೊಂಡು ಮತ್ತೆ ಕತ್ತರಿ ಹಿಡಿದ.

“ಅದಿರಲಿ,” ಅಂದ ಡೆಲ್ಮರ್, “ಆ ಗವರ್ನರಮ್ಮ ನಿಲ್ತೀನಿ ಅಂತ ಯಾವತ್ತು ಹೇಳ್ತಾಳೆ?”

“ಕ್ರಿಸ್ಮಸ್‌ಗೆ ಮುಂಚೆ.”

“ಸಾಧ್ಯವೇ ಇಲ್ಲ. ಕಿವಿ ಹತ್ರ ಜೋಪಾನ, ಮಾರಾಯ.”